ಟ್ರೋಪೋನಿನ್ ಜಾಸ್ತಿ ಬಂದ್ರೆ ಹಾರ್ಟ್ ಅಟ್ಯಾಕೇ ಆಗಿರ್ಬೇಕಾ? ಪಾಂಡವಪುರದಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಪಾಂಡವಪುರದ ಹತ್ರ ಒಂದು ಹಳ್ಳಿ. ಅಪ್ಪಂಗೆ 63 ವರ್ಷ, ಕಬ್ಬು ಭತ್ತ ಬೆಳೀತಾರೆ. 16 ವರ್ಷದಿಂದ ಶುಗರ್ ಇದೆ, ಬಿಪಿನೂ ಇದೆ, ಎರಡು ವರ್ಷದಿಂದ ಕಿಡ್ನಿ ವೀಕ್ ಅಂತ ಹೇಳ್ತಿದಾರೆ, ಕ್ರಿಯಾಟಿನಿನ್ 3.2. ಹೋದ ವಾರ ಉರಿಮೂತ್ರ ಶುರುವಾಗಿ ಚಳಿಜ್ವರ ಬಂತು. ಊರಲ್ಲೇ ಎರಡು ದಿನ ಸೊಂಟಕ್ಕೆ ಇಂಜೆಕ್ಷನ್ ಹಾಕ್ಸಿದ್ವಿ, ಮೂರನೇ ದಿನ ಉಸಿರಾಡೋಕೆ ಕಷ್ಟ ಆಯ್ತು ಅಂತ ಮಂಡ್ಯಕ್ಕೆ ಕರ್ಕೊಂಡ್ ಹೋದ್ವಿ. ಎದೆನೋವು ಇರ್ಲಿಲ್ಲ. ಅಲ್ಲಿ ಟ್ರೋಪೋನಿನ್ ಟಿ 0.068 ಬಂತು, ಹಾರ್ಟ್ ಅಟ್ಯಾಕ್ ಆಗಿದೆ, ಮೈಸೂರಿಗೆ ಹೋಗಿ ತಕ್ಷಣ ಆಂಜಿಯೋಗ್ರಾಂ ಮಾಡ್ಸಿ ಅಂತ ನಾಲ್ಕೈದು ಮಾತ್ರೆ ನುಂಗ್ಸಿ ಕಳ್ಸಿದ್ರು. ಮೈಸೂರಲ್ಲಿ ಮೂರು ಗಂಟೆ ಬಿಟ್ಟು ಮಾಡಿದಾಗ 71, ಮಾರನೇ ದಿನ 66. 0.068 ಇದ್ದಿದ್ದು 71 ಆಯ್ತು ಅಂದ್ರೆ ಮೂರು ಗಂಟೇಲಿ ಸಾವಿರ ಪಟ್ಟು ಏರ್ತಾ? ಇಸಿಜಿಲಿ ಹೊಸ ಬದಲಾವಣೆ ಇಲ್ಲ ಅಂದ್ರು, ಎಕೋಲಿ ಗೋಡೆ ದಪ್ಪ ಆಗಿದೆ, ಪಂಪಿಂಗ್ 55%. ಸಿಕೆ-ಎಂಬಿ 38, ಎನ್‌ಟಿ-ಪ್ರೋಬಿಎನ್‌ಪಿ 4,200, ಹಿಮೋಗ್ಲೋಬಿನ್ 8.6, ಬಂದಾಗ ಬಿಪಿ 190/100 ಇತ್ತು. ಈಗ ಜ್ವರ ಬಿಟ್ಟಿದೆ. ಇಲ್ಲಿನ ಡಾಕ್ಟ್ರು ಇದು ಕಿಡ್ನಿಯಿಂದ, ಆಂಜಿಯೋಗ್ರಾಂ ಈಗ ಬೇಡ ಅಂತಾರೆ. ಚಿಕ್ಕಪ್ಪ ಮಾಡಿಸ್ಲೇಬೇಕು ಅಂತಾರೆ, ನಮ್ಮಣ್ಣ ಡೈ ಹಾಕಿದ್ರೆ ಡಯಾಲಿಸಿಸ್‌ಗೆ ಹೋಗುತ್ತೆ ಅಂತ ಬೇಡ ಅಂತಾನೆ. ಅಪ್ಪಂಗೆ ಅಟ್ಯಾಕ್ ಆಗಿತ್ತಾ ಇಲ್ವಾ, ಅದೊಂದು ಹೇಳಿ ಸರ್.

ಉತ್ತರ:

ಮೊದ್ಲು ಆ ಸಾವಿರ ಪಟ್ಟಿನ ಭಯ ತೆಗೆದುಬಿಡೋಣ, ಯಾಕಂದ್ರೆ ಮನೇಲಿ ಯಾರೂ ನಿದ್ದೆ ಮಾಡದೇ ಇರೋದಕ್ಕೆ ಅದೇ ಕಾರಣ ಅನ್ಸುತ್ತೆ. ಎರಡೂ ರಿಪೋರ್ಟು ಪಕ್ಕ ಪಕ್ಕ ಇಟ್ಕೊಂಡು ನಂಬರ್ ಆದ್ಮೇಲೆ ಸಣ್ಣಕ್ಷರದಲ್ಲಿ ಏನು ಬರೆದಿದೆ ನೋಡಿ. ಮಂಡ್ಯದ್ದರಲ್ಲಿ ನ್ಯಾನೋಗ್ರಾಂ ಪರ್ ಎಂಎಲ್ ಅಂತ ಇರುತ್ತೆ, ಮೈಸೂರಿಂದರಲ್ಲಿ ನ್ಯಾನೋಗ್ರಾಂ ಪರ್ ಲೀಟರ್ ಅಥವಾ ಪಿಕೋಗ್ರಾಂ ಪರ್ ಎಂಎಲ್ ಅಂತ ಇರುತ್ತೆ, ಈ ಕೊನೆಯ ಎರಡೂ ಒಂದೇನೇ. ಒಂದು ಲೀಟರ್‌ಗೆ ಸಾವಿರ ಎಂಎಲ್ ಅಲ್ವಾ, ಹಾಗಾಗಿ 0.068 ಅನ್ನೋದನ್ನ ಸಾವಿರದಿಂದ ಗುಣಿಸಿದ್ರೆ 68. ಅಂದ್ರೆ ನಿಮ್ಮ ತಂದೆಯವರದ್ದು 68, ಆಮೇಲೆ 71, ಆಮೇಲೆ 66. ಏರೇ ಇಲ್ಲ. ಒಂದು ಲ್ಯಾಬಿಂದ ಇನ್ನೊಂದು ಲ್ಯಾಬಿಗೆ ಹೋದಾಗ ಈ ಅಳತೆ ಬದಲಾಗೋದನ್ನ ಮನೆಯವರಿಗೆ ಯಾರೂ ಹೇಳಲ್ಲ, ನನ್ನ ಹತ್ರ ಬರೋರಲ್ಲಿ ಇದೇ ಗಾಬರಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಇನ್ನೊಂದು ಮಾತು, ಎರಡೂ ಕಡೆ ಟ್ರೋಪೋನಿನ್ ಟಿ ಮಾಡಿದ್ರಿಂದ ಹೀಗೆ ಹೋಲಿಸೋಕೆ ಆಯ್ತು. ಟ್ರೋಪೋನಿನ್‌ನಲ್ಲಿ ಟಿ, ಐ ಅಂತ ಎರಡು ಥರದ ಟೆಸ್ಟ್ ಇದೆ, ಒಂದು ಕಡೆ ಟಿ ಇನ್ನೊಂದು ಕಡೆ ಐ ಮಾಡಿದ್ರೆ ಆ ಎರಡು ನಂಬರನ್ನ ಪಕ್ಕ ಇಟ್ಟು ನೋಡೋಕೇ ಆಗಲ್ಲ, ಐ ಅಲ್ಲೂ ಕಂಪನಿಗೊಂದು ಅಳತೆ.

ಈಗ ಅಸಲಿ ವಿಷ್ಯ. ಟ್ರೋಪೋನಿನ್ ಅನ್ನೋದು ಹೃದಯದ ಮಾಂಸಖಂಡದ ಒಳಗೆ ಇರೋ ಒಂದು ಪ್ರೋಟೀನು, ಹೃದಯ ಕುಗ್ಗಿ ಹಿಗ್ಗೋಕೆ ಅದು ಬೇಕು. ಆ ಮಾಂಸಖಂಡಕ್ಕೆ ಏಟು ಬಿದ್ದಾಗ ಅದು ರಕ್ತಕ್ಕೆ ಬರುತ್ತೆ. ಏಟು ಯಾರು ಕೊಟ್ರು ಅನ್ನೋದನ್ನ ಅದು ಹೇಳಲ್ಲ. ರಕ್ತನಾಳ ಕಟ್ಟಿಕೊಂಡಿದ್ದಕ್ಕಾ, ಜ್ವರಕ್ಕಾ, ಕಿಡ್ನಿಗಾ, ಬಿಪಿ ಏರಿದ್ದಕ್ಕಾ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕಾ, ಎಲ್ಲದಕ್ಕೂ ನಂಬರ್ ಒಂದೇ ಥರ ಕಾಣುತ್ತೆ. ಹಾಗಾಗಿ "ಟ್ರೋಪೋನಿನ್ ಪಾಸಿಟಿವ್ ಅಂದ್ರೆ ಅಟ್ಯಾಕ್" ಅನ್ನೋದು ತಪ್ಪು. ಅಷ್ಟೇ ತಪ್ಪು ಇನ್ನೊಂದಿದೆ, "ಕಿಡ್ನಿ ಪೇಷಂಟಿಗೆ ಯಾವಾಗ್ಲೂ ಜಾಸ್ತಿ ಬರುತ್ತೆ, ತಲೆ ಕೆಡಿಸ್ಕೊಬೇಡಿ" ಅನ್ನೋದು. ನಿಮ್ಮ ಚಿಕ್ಕಪ್ಪ ಮೊದಲನೇದನ್ನ ನಂಬಿದಾರೆ, ನಿಮ್ಮಣ್ಣ ಎರಡನೇದರ ಹತ್ರ ಇದಾರೆ, ಇಬ್ರೂ ಅಪ್ಪನ ಒಳ್ಳೇದಕ್ಕೇ ಹೇಳ್ತಿರೋದು.

ನಿಮ್ಮ ಕಡೆಯವರಿಗೆ ನಾನು ನಾಲೆ ಲೆಕ್ಕದಲ್ಲೇ ಹೇಳ್ತೀನಿ. ಗದ್ದೆಲಿ ಪೈರು ಬಾಡಿದೆ ಅಂದ್ಕೊಳ್ಳಿ. ತೂಬು ಕಟ್ಟಿಕೊಂಡು ನೀರೇ ಬರದೆ ಬಾಡಿರಬಹುದು. ತೂಬು ಸರಿ ಇದ್ದೂ ವಿ.ಸಿ. ನಾಲೆಲಿ ನೀರು ಕಮ್ಮಿ ಬಿಟ್ಟು, ಮೇಲೆ ಬಿಸಿಲು ಜಾಸ್ತಿ ಆಗಿ ಬಾಡಿರಬಹುದು. ಅಥವಾ ನೀರೆಲ್ಲಾ ಸರಿ ಇದ್ದು ಭೂಮಿಲಿ ಚೌಳು ಹೆಚ್ಚಾಗಿ ವರ್ಷಗಟ್ಟಲೆ ಪೈರು ಅರೆಜೀವ ಆಗಿರಬಹುದು. ಎಲೆ ನೋಡಿದ್ರೆ ಮೂರೂ ಒಂದೇ. ನಾವು ಸಾಮಾನ್ಯವಾಗಿ ಹಾರ್ಟ್ ಅಟ್ಯಾಕ್ ಅನ್ನೋದು ಮೊದಲನೇದನ್ನ, ರಕ್ತನಾಳದ ಒಳಗಿನ ಕೊಬ್ಬಿನ ಪದರ ಒಡೆದು ಅದರ ಮೇಲೆ ರಕ್ತ ಗರಣೆ ಕಟ್ಟೋದು, ಅದು ಟೈಪ್ 1. ರಕ್ತ ಕಮ್ಮಿ, ಜ್ವರ ಜಾಸ್ತಿ, ಹೃದಯ ನಿಮಿಷಕ್ಕೆ 140 ಹೊಡೀತಿದೆ, ಬಿಪಿ ವಿಪರೀತ ಏರಿದೆ ಅಥವಾ ಬಿದ್ದಿದೆ, ಹಿಂಗಾದಾಗ ಬೇಕಾದಷ್ಟು ಆಮ್ಲಜನಕ ಸಿಗದೆ ಆಗೋದು ಟೈಪ್ 2. ಮೂರನೇದಕ್ಕೆ ಅಟ್ಯಾಕ್ ಅನ್ನೋ ಹೆಸರೇ ಇಲ್ಲ, ಹೃದಯದ ಮಾಂಸಖಂಡಕ್ಕೆ ದೀರ್ಘಕಾಲದ ಹಾನಿ ಅಂತಷ್ಟೇ ಬರೀತೀವಿ. ಇದನ್ನೆಲ್ಲ ಬೇರೆ ಬೇರೆ ಮಾಡಿ ನೋಡ್ಬೇಕು ಅಂತ 2018ರಲ್ಲಿ ಬಂದ ನಾಲ್ಕನೇ ಅಂತಾರಾಷ್ಟ್ರೀಯ ವ್ಯಾಖ್ಯಾನದಲ್ಲೇ ಸ್ಪಷ್ಟವಾಗಿ ಹೇಳಿದೆ: ಟ್ರೋಪೋನಿನ್ ಮಿತಿ ದಾಟಿದ್ರಷ್ಟೇ ಸಾಲದು, ಅದು ಏರ್ಬೇಕು ಅಥವಾ ಇಳೀಬೇಕು, ಜೊತೆಗೆ ಲಕ್ಷಣ, ಇಸಿಜಿ, ಎಕೋ ಇವುಗಳಲ್ಲಿ ಒಂದಾದ್ರೂ ಹೃದಯಕ್ಕೆ ರಕ್ತ ಸಾಲ್ತಿಲ್ಲ ಅಂತ ತೋರಿಸ್ಬೇಕು.

ಏರಿಳಿತ ಅನ್ನೋದೇ ಇಲ್ಲಿ ಮುಖ್ಯ. ನಿಜವಾದ ಅಟ್ಯಾಕಲ್ಲಿ ಟ್ರೋಪೋನಿನ್ ಸುಮ್ನೆ ಕೂರಲ್ಲ, ಗಂಟೆಗಂಟೆಗೂ ಮೇಲೆ ಹೋಗುತ್ತೆ, ಆಮೇಲೆ ದಿನಗಳ ಮೇಲೆ ನಿಧಾನಕ್ಕೆ ಇಳಿಯುತ್ತೆ. ಅದಕ್ಕೇ ಒಂದು ಸಲ ಮಾಡಿ ಬಿಡಲ್ಲ, ಒಂದು, ಎರಡು ಅಥವಾ ಮೂರು ಗಂಟೆ ಬಿಟ್ಟು ಮತ್ತೆ ರಕ್ತ ತಗೋತಾರೆ. ಮೊದಲಿಂದಾನೇ ಜಾಸ್ತಿ ಇರೋರಲ್ಲಿ 20% ಒಳಗಿನ ಏರುಪೇರು ಇದ್ರೆ ಅದನ್ನ ಸ್ಥಿರ ಅಂತ ತಗೋತೀವಿ. ನಿಮ್ಮ ತಂದೆಯವರದ್ದು 66ರಿಂದ 71ರ ಒಳಗೆ ಅಂದ್ರೆ 8% ಕೂಡ ಇಲ್ಲ. ಎದೆನೋವಿಲ್ಲ, ಇಸಿಜಿಲಿ ಹೊಸದೇನಿಲ್ಲ, ಎಕೋಲಿ ಹೃದಯದ ಯಾವ್ದೋ ಒಂದು ಭಾಗ ಮಾತ್ರ ಅಲುಗಾಡ್ತಿಲ್ಲ ಅಂತ ನೀವು ಬರೆದಿಲ್ಲ, ರಿಪೋರ್ಟಲ್ಲಿ "ಆರ್‌ಡಬ್ಲ್ಯೂಎಂಎ ಇಲ್ಲ" ಅಂತ ಇದೆಯಾ ಒಂದ್ಸಲ ನೋಡ್ಬಿಡಿ. ಅಂಥ ತೊಂದ್ರೆ ಇಲ್ಲ ಅಂತಾದ್ರೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಅವ್ರಿಗೆ ರಕ್ತನಾಳ ಕಟ್ಟಿಕೊಂಡು ಆಗೋ ಅಟ್ಯಾಕ್ ಆಗಿರೋ ಸಾಧ್ಯತೆ ಕಮ್ಮಿ. ಮೈಸೂರಿನ ಡಾಕ್ಟ್ರು ಹೇಳಿದ್ದು ಸರಿಯಾಗೇ ಇದೆ.

ಹಾಗಾದ್ರೆ 14ರ ಒಳಗೆ ಇರ್ಬೇಕಾದ್ದು 68 ಯಾಕಿದೆ? ಕ್ರಿಯಾಟಿನಿನ್ 3.2, ವಯಸ್ಸು 63 ಅಂದ್ರೆ ಕಿಡ್ನಿ ಸೋಸೋ ಶಕ್ತಿ, ಇಜಿಎಫ್‌ಆರ್ ಅಂತೀವಲ್ಲ ಅದು, ಸುಮಾರು 21 ಬರುತ್ತೆ. ಈ ಮಟ್ಟದಲ್ಲಿ ಹೃದಯ ಚೆನ್ನಾಗೇ ಇದೆ ಅನ್ಸೋರಲ್ಲೂ ಟ್ರೋಪೋನಿನ್ ಟಿ 14 ದಾಟಿರೋದು ಮಾಮೂಲು, ಡಯಾಲಿಸಿಸ್ ಮಾಡಿಸ್ಕೊಳ್ಳೋರಲ್ಲಂತೂ ಹೆಚ್ಚುಕಮ್ಮಿ ಎಲ್ರಿಗೂ ದಾಟಿರುತ್ತೆ. ಕಿಡ್ನಿ ಅದನ್ನ ಹೊರಗೆ ಹಾಕೋದು ಕಮ್ಮಿ ಆಗಿರುತ್ತೆ ಅನ್ನೋದು ಒಂದು ಭಾಗ ಅಷ್ಟೇ. ದೊಡ್ಡ ಭಾಗ ಏನಂದ್ರೆ ವರ್ಷಾನುಗಟ್ಟಲೆ ಬಿಪಿ, ಶುಗರ್, ರಕ್ತ ಕಮ್ಮಿ ಇರೋದು ಇವೆಲ್ಲ ಸೇರಿ ಹೃದಯದ ಗೋಡೆ ದಪ್ಪ ಆಗಿದೆ, ಎಕೋ ಅದನ್ನೇ ಹೇಳಿರೋದು, ದಪ್ಪಗಾದ ಗೋಡೆಗೆ ಸಣ್ಣ ಸಣ್ಣ ರಕ್ತನಾಳಗಳು ಸಾಲ್ತಿಲ್ಲ, ದಿನಾ ಸ್ವಲ್ಪ ಸ್ವಲ್ಪ ಸವೀತಿದೆ. ಅದ್ರ ಮೇಲೆ ಮೂತ್ರದ ಸೋಂಕು, ಚಳಿಜ್ವರ, 190 ಬಿಪಿ. ಈ 68ರಲ್ಲಿ ಹಳೇದೆಷ್ಟು, ಈ ವಾರದ್ದೆಷ್ಟು ಅನ್ನೋದು ಇವತ್ತಿನ ರಿಪೋರ್ಟಲ್ಲಿ ಸಿಗಲ್ಲ, ಜ್ವರ ಪೂರ್ತಿ ವಾಸಿಯಾಗಿ ಒಂದೂವರೆ ತಿಂಗಳು ಬಿಟ್ಟು ಇನ್ನೊಂದ್ಸಲ ಅದೇ ಲ್ಯಾಬಲ್ಲಿ ಅದೇ ಟ್ರೋಪೋನಿನ್ ಟಿ ಮಾಡಿಸಿದ್ರೆ ಸಿಗುತ್ತೆ. ಅವಾಗ್ಲೂ 60-70 ಇದ್ರೆ ಅದು ಅವ್ರ ಖಾಯಂ ಮಟ್ಟ.

ಆ ಖಾಯಂ ಮಟ್ಟ ಗೊತ್ತಿರೋದು ಎಷ್ಟು ಮುಖ್ಯ ಅನ್ನೋದಕ್ಕೆ ನಾನು ನೋಡಿದ ಒಬ್ರ ವಿಷ್ಯ ಹೇಳ್ತೀನಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸ್ಕೊಳ್ತಿದ್ದ ಹೆಂಗಸು, ಯಾವಾಗ್ ಮಾಡಿದ್ರೂ ಟ್ರೋಪೋನಿನ್ 80ರ ಆಸುಪಾಸು. ಒಂದಿನ ಸುಸ್ತು, ಬೆವರು, ವಾಕರಿಕೆ ಅಂತ ಬಂದ್ರು, 140 ಇತ್ತು. ಡಯಾಲಿಸಿಸ್ ಅವರಲ್ವಾ ಇದ್ದಿದ್ದೇ ಅಂತ ಡ್ಯೂಟಿಲಿದ್ದ ಹುಡುಗ ಗ್ಯಾಸ್ ಇಂಜೆಕ್ಷನ್ ಕೊಟ್ಟು ಕೂರಿಸಿದ್ದ. ಅವ್ರ ಮಗಳು ಹಳೇ ಫೈಲ್ ತೆಗೆದು "ಅಮ್ಮಂಗೆ ಯಾವಾಗ್ಲೂ 80 ಸರ್, ಇದ್ಯಾಕೆ ಜಾಸ್ತಿ" ಅಂತ ತೋರಿಸಿದ್ಳು. ಎರಡು ಗಂಟೆ ಬಿಟ್ಟು ಮಾಡಿದ್ರೆ 310. ಹೃದಯದ ಬಲಗಡೆ ರಕ್ತನಾಳ ಪೂರ್ತಿ ಮುಚ್ಚಿತ್ತು. ಆ ಫೈಲ್ ಇಲ್ದಿದ್ರೆ ಏನಾಗ್ತಿತ್ತು ಅಂತ ಈಗ್ಲೂ ನೆನೆಸ್ಕೊಂಡ್ರೆ ನಂಗೆ ಸಂಕಟ ಆಗುತ್ತೆ.

ಇದಕ್ಕೆ ಉಲ್ಟಾ ಆಗಿದ್ದೂ ಇದೆ. ಮಳೆಗಾಲ ಮುಗಿಯೋ ಹೊತ್ತಲ್ಲಿ ಬಂದ 26 ವರ್ಷದ ಹುಡುಗ, ಡೆಂಗ್ಯೂ, ಐದನೇ ದಿನ ಎದೆ ಭಾರ ಅಂದಿದಾನೆ, ಟ್ರೋಪೋನಿನ್ ಮಾಡಿದಾರೆ, ಜಾಸ್ತಿ ಬಂದಿದೆ. ಡೆಂಗ್ಯೂಲಿ ಕೆಲವರಿಗೆ ಹೃದಯದ ಮಾಂಸಖಂಡ ಊದಿಕೊಳ್ಳುತ್ತೆ, ಮಯೋಕಾರ್ಡೈಟಿಸ್ ಅಂತೀವಿ, ಆದ್ರೆ ಅಟ್ಯಾಕ್ ಅಂದ್ಕೊಂಡು ರಕ್ತ ತೆಳು ಮಾಡೋ ಮಾತ್ರೆ, ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್ ಎಲ್ಲಾ ಶುರು ಮಾಡ್ಬಿಟ್ಟಿದ್ರು. ಪ್ಲೇಟ್‌ಲೆಟ್ 28,000 ಇತ್ತು. ನಮ್ಮ ಹತ್ರ ಬರೋವಾಗ ವಸಡಿಂದ, ಮೂಗಿಂದ, ಮಲದಲ್ಲಿ ರಕ್ತ. ಉಳಿದ, ಆದ್ರೆ ಹನ್ನೊಂದು ದಿನ ಐಸಿಯುಲಿದ್ದ. ಎಲ್ಲಿ ಅನ್ನೋದು ಬೇಡ, ಎಲ್ಲಿ ಬೇಕಾದ್ರೂ ಆಗೋ ತಪ್ಪು ಅದು, ಒಂದು ನಂಬರನ್ನ ಮಾತ್ರ ನೋಡಿ ಪೇಷಂಟನ್ನ ನೋಡದೆ ಇದ್ರೆ ಹಿಂಗಾಗುತ್ತೆ. ಶ್ವಾಸಕೋಶದ ರಕ್ತನಾಳಕ್ಕೆ ಗರಣೆ ಹೋಗಿ ಸಿಕ್ಕೊಂಡಾಗ, ಮಿದುಳಲ್ಲಿ ರಕ್ತಸ್ರಾವ ಆದಾಗ, ಹೃದಯ ಬಡಿತ ಏಕ್‌ದಂ ಓಡಿದಾಗ, ಕೆಲವು ಕ್ಯಾನ್ಸರ್ ಔಷಧಿಗಳಲ್ಲಿ, ಮ್ಯಾರಥಾನ್ ಓಡಿ ಬಂದ ಆರೋಗ್ಯವಂತರಲ್ಲೂ ಟ್ರೋಪೋನಿನ್ ಏರುತ್ತೆ. ಮನೇಲಿ ಸಾವಾದಾಗ ದುಃಖದ ಹೊಡೆತಕ್ಕೆ ಹೃದಯದ ತುದಿ ಬಲೂನ್ ಥರ ಊದಿಕೊಳ್ಳೋ ಟಾಕೋಟ್ಸುಬೋ ಅಂತ ಒಂದಿದೆ, ಜಪಾನಿನವರು 1990ರಲ್ಲಿ ಮೊದಲು ವಿವರಿಸಿದ್ದು, ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಬರುತ್ತೆ, ಅದರಲ್ಲೂ ಇಸಿಜಿ, ಟ್ರೋಪೋನಿನ್ ಎರಡೂ ಥೇಟ್ ಅಟ್ಯಾಕ್ ಥರಾನೇ ಇರುತ್ತೆ, ರಕ್ತನಾಳ ನೋಡಿದ್ರೆ ಬ್ಲಾಕ್ ಇರಲ್ಲ.

ಸಿಕೆ-ಎಂಬಿ 38 ಬಗ್ಗೆ ಹೆಚ್ಚು ಯೋಚ್ನೆ ಮಾಡ್ಬೇಡಿ. ಅದು ಸಿಕೆ ಅನ್ನೋ ಕಿಣ್ವದ ಒಂದು ಭಾಗ, ಹೃದಯದಲ್ಲಿ ಮಾತ್ರ ಇರೋದಲ್ಲ, ಮೈಯ ಮಾಂಸಖಂಡದಲ್ಲೂ ಇದೆ. ಚಳಿಗೆ ಗಡಗಡ ನಡುಗಿದಾರೆ, ಸೊಂಟಕ್ಕೆ ಎರಡು ದಿನ ಇಂಜೆಕ್ಷನ್ ಬಿದ್ದಿದೆ, ಮಾಂಸಖಂಡಕ್ಕೆ ಸೂಜಿ ಹಾಕಿದ್ರೂ ಸಾಕು ಸಿಕೆ ಏರುತ್ತೆ. ಅದೂ ಅಲ್ದೆ ನಮ್ಮ ಕಡೆ ಬಹಳ ಲ್ಯಾಬಲ್ಲಿ ಅದನ್ನ ಅಳೆಯೋ ವಿಧಾನ ಹೇಗಿದೆ ಅಂದ್ರೆ, ಕೆಲವರಲ್ಲಿ ಒಟ್ಟು ಸಿಕೆಗಿಂತ ಸಿಕೆ-ಎಂಬಿನೇ ಜಾಸ್ತಿ ಬಂದಿರೋದನ್ನ ನೋಡಿದೀನಿ, ಭಾಗ ಇಡೀಗಿಂತ ದೊಡ್ಡದಾಗೋಕೆ ಸಾಧ್ಯ ಇಲ್ವಲ್ಲ, ಅದು ಅಳತೆಯ ದೋಷ. ಆ ಇಂಜೆಕ್ಷನ್ ಯಾವ್ದು ಅಂತ ಮಾತ್ರ ಊರಲ್ಲಿ ಕೇಳಿ ಬರ್ಕೊಳ್ಳಿ. ಜ್ವರ ಮೈಕೈನೋವಿಗೆ ಡೈಕ್ಲೋಫೆನಾಕ್ ಹಾಕೋದು ನಮ್ಮ ಕಡೆ ವಾಡಿಕೆ, ವೀಕ್ ಇರೋ ಕಿಡ್ನಿಗೆ ಅದು ವಿಷ ಇದ್ದಂಗೆ. ಇನ್ಮೇಲೆ ಯಾರೇ ಇಂಜೆಕ್ಷನ್ ಹಾಕೋಕೆ ಬಂದ್ರೂ "ಅಪ್ಪಂಗೆ ಕಿಡ್ನಿ ತೊಂದ್ರೆ ಇದೆ, ನೋವಿನ ಇಂಜೆಕ್ಷನ್ ಬೇಡ" ಅಂತ ಮೊದ್ಲೇ ಹೇಳಿ.

ಎನ್‌ಟಿ-ಪ್ರೋಬಿಎನ್‌ಪಿ 4,200 ಅನ್ನೋದು ಹೃದಯದ ಗೋಡೆ ಮೇಲೆ ಒತ್ತಡ ಬಿದ್ದಾಗ ಏರುತ್ತೆ. ಉಸಿರು ಕಟ್ಟಿ ಬಂದೋರಿಗೆ 300ರ ಕೆಳಗೆ ಇದ್ರೆ ಹಾರ್ಟ್ ಫೇಲ್ಯೂರ್ ಅಲ್ಲ ಅಂತ ಹೆಚ್ಚುಕಮ್ಮಿ ಗ್ಯಾರಂಟಿಯಾಗಿ ಹೇಳಬಹುದು, 50ರಿಂದ 75 ವಯಸ್ಸಲ್ಲಿ 900 ದಾಟಿದ್ರೆ ಅನುಮಾನ ಪಡ್ತೀವಿ. ಆದ್ರೆ ಕಿಡ್ನಿ ಕೆಲಸ ಇಷ್ಟು ಕಮ್ಮಿ ಇದ್ದಾಗ ಅದೂ ಹೊರಗೆ ಹೋಗದೆ ನಿಲ್ಲುತ್ತೆ. ಇಲ್ಲಿ ನಂಬರಿಗಿಂತ ಕಾಲು ಊದಿದ್ಯಾ, ಅಂಗಾತ ಮಲಗಿದ್ರೆ ಉಸಿರು ಕಟ್ಟುತ್ತಾ, ತೂಕ ಏರಿದ್ಯಾ, ಎಕ್ಸ್‌ರೇಲಿ ನೀರು ಕಂಡಿದ್ಯಾ ಅನ್ನೋದೇ ಮುಖ್ಯ. 190 ಬಿಪಿ ಇದ್ದಾಗ ಶ್ವಾಸಕೋಶದಲ್ಲಿ ಸ್ವಲ್ಪ ನೀರು ನಿಂತಿರೋ ಸಾಧ್ಯತೆ ಇದೆ, ಪಂಪಿಂಗ್ 55% ಇದ್ರೂ ಗೋಡೆ ದಪ್ಪ ಆದೋರಿಗೆ ಹಂಗಾಗುತ್ತೆ.

ಇನ್ನು ಆಂಜಿಯೋಗ್ರಾಂ. ಈಗ್ಲೇ ಮಾಡಿಸಿದ್ರೆ ಬ್ಲಾಕ್ ಇದ್ಯಾ ಇಲ್ವಾ ಅನ್ನೋದು ಗೊತ್ತಾಗುತ್ತೆ, ಚಿಕ್ಕಪ್ಪನ ಮಾತಲ್ಲಿ ಅಷ್ಟು ನ್ಯಾಯ ಇದೆ, 16 ವರ್ಷದ ಶುಗರ್‌ನವರಿಗೆ ನೋವೇ ಇಲ್ದೆ ಬ್ಲಾಕ್ ಇರಬಹುದು. ಆದ್ರೆ ಸೋಂಕು ಈಗಷ್ಟೇ ಬಿಟ್ಟಿರೋ, ಇಜಿಎಫ್‌ಆರ್ 21 ಇರೋ ಕಿಡ್ನಿಗೆ, ರಕ್ತನಾಳ ಕಾಣ್ಲಿ ಅಂತ ಆಂಜಿಯೋಗ್ರಾಂಲಿ ಹಾಕೋ ಡೈ ಬಿದ್ರೆ ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಏರೋ ಅಪಾಯ ಇದೆ. ಎಲ್ರಿಗೂ ಡಯಾಲಿಸಿಸ್ ಆಗುತ್ತೆ ಅನ್ನೋದು ಉತ್ಪ್ರೇಕ್ಷೆ, ಬಹಳ ಜನಕ್ಕೆ ಮತ್ತೆ ಇಳಿಯುತ್ತೆ, ಆದ್ರೆ ಕೆಲವರಿಗೆ ಇಳಿಯಲ್ಲ. ಬ್ಲಾಕ್ ಸಿಕ್ಕಿ ಸ್ಟೆಂಟ್ ಹಾಕಿದ್ರೆ ಲಾಭ ಎಷ್ಟು ಅನ್ನೋದಕ್ಕೆ 2020ರಲ್ಲಿ ಬಂದ ಇಸ್ಕೀಮಿಯಾ-ಸಿಕೆಡಿ ಅನ್ನೋ ಅಧ್ಯಯನ ಇದೆ, ಇಂಥದ್ದೇ ಕಿಡ್ನಿ ಇರೋ, ಹೃದಯದ ಸ್ಥಿತಿ ಸ್ಥಿರವಾಗಿರೋ 777 ಜನರಲ್ಲಿ ಮಾಡಿದ್ದು. ಮೊದ್ಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದೋರಿಗೂ, ಔಷಧಿಲೇ ನೋಡ್ಕೊಂಡೋರಿಗೂ ಸಾವು ಮತ್ತು ಅಟ್ಯಾಕ್ ವಿಷ್ಯದಲ್ಲಿ ವ್ಯತ್ಯಾಸ ಸಿಗಲಿಲ್ಲ. ಇದು ನಿಜವಾದ ಅಟ್ಯಾಕ್ ಆದೋರಿಗೆ ಅನ್ವಯ ಆಗಲ್ಲ, ಅವ್ರಿಗೆ ಕಿಡ್ನಿ ವೀಕ್ ಇದ್ರೂ ಜೀವ ಉಳಿಸೋಕೆ ಮಾಡ್ಲೇಬೇಕಾಗುತ್ತೆ.

ನಿಮ್ಮ ತಂದೆಯವರ ಮಟ್ಟಿಗೆ ಕಾಯೋದೇ ಮೇಲು ಅನ್ಸುತ್ತೆ ನಂಗೆ. ಸೋಂಕು ಪೂರ್ತಿ ವಾಸಿ ಮಾಡಿ, ಬಿಪಿ ಹಿಡಿತಕ್ಕೆ ತಂದು, ಹಿಮೋಗ್ಲೋಬಿನ್ 8.6 ಇರೋದಕ್ಕೆ ಕಿಡ್ನಿ ಡಾಕ್ಟ್ರ ಹತ್ರ ಐರನ್ ಅಥವಾ ರಕ್ತ ಹೆಚ್ಚಿಸೋ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಬೇಕಾ ಅಂತ ಕೇಳಿ, ಆಮೇಲೆ ಬೇಕೆನಿಸಿದ್ರೆ ಔಷಧಿ ಕೊಟ್ಟು ಹೃದಯ ಜೋರಾಗಿ ಹೊಡ್ಕೊಳ್ಳೋ ಹಾಗೆ ಮಾಡಿ ನೋಡೋ ಡೋಬುಟಮಿನ್ ಎಕೋ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಬಹುದು, ಆ ಎರಡಕ್ಕೂ ಈ ಡೈ ಬೇಡ. ಗೋಡೆ ದಪ್ಪ ಇರೋರಲ್ಲಿ ಟ್ರೆಡ್‌ಮಿಲ್ ಇಸಿಜಿ ದಾರಿ ತಪ್ಪಿಸುತ್ತೆ, ಸಿಟಿ ಆಂಜಿಯೋಗೆ ಡೈ ಬೇಕೇ ಬೇಕು. ಕಾಯೋದ್ರಲ್ಲೂ ಅಪಾಯ ಇಲ್ಲ ಅಂತಲ್ಲ, ಆ ಅಷ್ಟು ದಿನದಲ್ಲಿ ಏನಾದ್ರೂ ಆಗಬಹುದು, ಅದನ್ನ ಕೆಳಗೆ ಹೇಳ್ತೀನಿ. ಮುಂದೆ ಯಾವತ್ತಾದ್ರೂ ಆಂಜಿಯೋಗ್ರಾಂ ಮಾಡೋದೇ ಆದ್ರೆ ಕೈ ಮಣಿಕಟ್ಟಿನಿಂದ ಬೇಡ, ತೊಡೆಯಿಂದ ಮಾಡಕ್ಕಾಗುತ್ತಾ ಅಂತ ಕೇಳಿ, ಡಯಾಲಿಸಿಸ್ ಬೇಕಾಗೋ ಕಾಲ ಬಂದ್ರೆ ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕೋಕೆ ಕೈಲಿ ಎರಡು ರಕ್ತನಾಳ ಜೋಡಿಸೋದು, ಅದನ್ನ ಮಾಡೋಕೆ ಆ ಕೈಯ ರಕ್ತನಾಳ ಬೇಕು. ಎಡಗೈಲಿ ಡ್ರಿಪ್ ಹಾಕೋದು, ರಕ್ತ ತೆಗೆಯೋದು ಕೂಡ ಈಗಿಂದಾನೇ ತಪ್ಪಿಸಿ.

ಡಿಸ್ಚಾರ್ಜ್ ಆಗೋ ಮುಂಚೆ ಎರಡು ವಿಷ್ಯ ಕೇಳಿಬಿಡಿ. ಮಂಡ್ಯದಲ್ಲಿ ನುಂಗ್ಸಿದ್ದು ಬಹುಶಃ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಮಾತ್ರೆ. ಅಟ್ಯಾಕ್ ಅಲ್ಲ ಅಂತ ತೀರ್ಮಾನ ಆಗಿದ್ರೆ ರಕ್ತ ತೆಳು ಮಾಡೋ ಎರಡೂ ಮುಂದುವರಿಸ್ಬೇಕಾ ಅಂತ ಕೇಳಿ, 8.6 ಹಿಮೋಗ್ಲೋಬಿನ್ ಇರೋರಿಗೆ ಹೊಟ್ಟೇಲಿ ರಕ್ತ ಸೋರಿದ್ರೆ ಕಷ್ಟ. ನೀವಾಗೇ ನಿಲ್ಲಿಸ್ಬೇಡಿ. ಕೊಲೆಸ್ಟ್ರಾಲ್ ಮಾತ್ರೆ ಈ ವಯಸ್ಸಿಗೆ, ಈ ಕಿಡ್ನಿಗೆ, ಈ ಶುಗರ್‌ಗೆ ಹೆಂಗಿದ್ರೂ ಬೇಕಾಗೇ ಬೇಕಾಗುತ್ತೆ. ಎರಡನೇದು, ಡಿಸ್ಚಾರ್ಜ್ ಸಮ್ಮರಿಲಿ ರೋಗದ ಹೆಸರು ಏನು ಬರೆದಿದಾರೆ ಓದಿ. ಅಲ್ಲಿ ಎನ್‌ಸ್ಟೆಮಿ, ಅದು ಅಟ್ಯಾಕಿನ ಒಂದು ವಿಧ, ಅಂತ ಒಂದ್ಸಲ ಬಿತ್ತು ಅಂದ್ರೆ ಮುಂದೆ ನೋಡೋ ಪ್ರತಿ ಡಾಕ್ಟ್ರೂ "ಹಳೇ ಅಟ್ಯಾಕ್ ಪೇಷಂಟ್" ಅಂತಾನೇ ಶುರು ಮಾಡ್ತಾರೆ. ಮೂರು ಟ್ರೋಪೋನಿನ್ ನಂಬರೂ ಸಮಯದ ಸಮೇತ ಬರೆದುಕೊಡಿ ಅಂತ ಕೇಳಿ, ಮೆಟ್‌ಫಾರ್ಮಿನ್ ತಗೋತಿದ್ರೆ ಅದನ್ನೂ ಹೇಳಿ, ಇಜಿಎಫ್‌ಆರ್ 30ರ ಕೆಳಗೆ ಅದು ಕೊಡಂಗಿಲ್ಲ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇಲ್ದಿದ್ರೂ ಹೇಳ್ಬೇಕು. 2025ರ ಜೂನ್-ಜುಲೈಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕಿಂದ ಸಾಲು ಸಾಲು ಸಾವಾದ ಸುದ್ದಿ ಕೇಳಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ರಲ್ಲ, ಅವತ್ತಿಂದ ಸುಮ್ನೆ ಚೆಕಪ್‌ಗೆ ಅಂತ ಟ್ರೋಪೋನಿನ್ ಮಾಡಿಸೋರು ನನ್ನ ಹತ್ರ ಬರ್ತಿದಾರೆ. ನಿಮ್ಮನೇಲಿ ಯಾರೂ ಹಾಗೆ ಮಾಡಿಸ್ಬೇಡಿ. ನಾರ್ಮಲ್ ಬಂತು ಅಂದ್ರೆ ಬ್ಲಾಕ್ ಇಲ್ಲ ಅಂತ ಅರ್ಥ ಅಲ್ಲ, ಆ ಹೊತ್ತಲ್ಲಿ ಮಾಂಸಖಂಡಕ್ಕೆ ಏಟಾಗಿಲ್ಲ ಅಂತಷ್ಟೇ. ನಿಮಗೂ ನಿಮ್ಮಣ್ಣಂಗೂ ಬೇಕಾಗಿರೋದು ಬಿಪಿ, ಶುಗರ್, ಕೊಲೆಸ್ಟ್ರಾಲ್, ಮೂತ್ರದಲ್ಲಿ ಪ್ರೋಟೀನ್, ಇಷ್ಟು.

ಕಾಯೋ ದಿನಗಳಲ್ಲಿ ಅಪ್ಪಂಗೆ ಎದೆ ಬಿಗಿತ, ದವಡೆ ಅಥವಾ ಎಡಗೈ ಸೆಳೆತ ಬಂದ್ರೆ ಅಪಾಯ ಅಂತ ಯಾರಿಗಾದ್ರೂ ಗೊತ್ತಾಗುತ್ತೆ, ಆದ್ರೆ ಶುಗರ್‌ನವರಿಗೆ ಅದು ಬರದೇನೂ ಇರಬಹುದು, ಕಾರಣ ಇಲ್ದೆ ಬೆವರು ಸುರಿಯೋದು, ಇದ್ದಕ್ಕಿದ್ದಂಗೆ ಉಸಿರು ಕಟ್ಟೋದು, ವಾಂತಿ ಜೊತೆ ತಲೆ ಸುತ್ತು, ಇವು ಬಂದ್ರೂ ಅಷ್ಟೇ ಗಂಭೀರ. ಗ್ಯಾಸ್ ಅಂತ ಸೋಡಾ ಕುಡಿಸ್ಕೊಂಡು ಕೂರ್ಬೇಡಿ, 108ಕ್ಕೆ ಫೋನ್ ಮಾಡಿ. ಮೈಸೂರೇ ಮುಟ್ಬೇಕು ಅಂತಿಲ್ಲ, ಹತ್ರದ ತಾಲೂಕು ಆಸ್ಪತ್ರೆಲಿ ಇಸಿಜಿ ತೆಗೆಸಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ಆ ಇಸಿಜಿನ ದೊಡ್ಡಾಸ್ಪತ್ರೆ ತಜ್ಞರು ನೋಡ್ತಾರೆ, ದೊಡ್ಡ ಅಟ್ಯಾಕ್ ಅಂತ ಕಂಡ್ರೆ ಗರಣೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡೋ ವ್ಯವಸ್ಥೆ ಇದೆ. ಇಸಿಜಿಲೇ ಸ್ಪಷ್ಟ ಇದ್ರೆ ಟ್ರೋಪೋನಿನ್ ರಿಪೋರ್ಟಿಗೆ ಕಾಯೋ ಹಾಗಿಲ್ಲ. ಹೋಗೋವಾಗ ಒಂದು ಹಾಳೆ ಜೊತೇಲಿರಲಿ, ಅದ್ರಲ್ಲಿ ದಪ್ಪಕ್ಷರದಲ್ಲಿ ಬರೀರಿ: ಕಿಡ್ನಿ ತೊಂದರೆ, ಕ್ರಿಯಾಟಿನಿನ್ 3.2, ಟ್ರೋಪೋನಿನ್ ಟಿ 68, 71, 66 ನ್ಯಾನೋಗ್ರಾಂ ಪರ್ ಲೀಟರ್, ತಾರೀಕು. ಹಳೇ ಇಸಿಜಿಯ ಜೆರಾಕ್ಸ್ ಕೂಡ ಇಟ್ಕೊಳ್ಳಿ, ಇಸಿಜಿ ಕಾಗದದ ಮೇಲಿನ ಗೆರೆ ದಿನ ಕಳೆದಂಗೆ ಮಾಸಿಹೋಗುತ್ತೆ.

ಒಂದೂವರೆ ತಿಂಗಳ ಮೇಲೆ ಮಾಡಿಸೋ ರಿಪೋರ್ಟ್ ಬಂದಾಗ ಈ ಮೂರರ ಜೊತೆ ಇಟ್ಟು ಬರೆದು ಕಳಿಸಿ, ನೋಡಿ ಹೇಳ್ತೀನಿ.